ಹೊಗೆ ಕಳೆದ ಊರಿನಲ್ಲಿ ಬೇಸಗೆಯ ರಜೆ

ಅಮೆರಿಕಕ್ಕೆ ಹೋಗಿಬಂದವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ನಾಲ್ಕೈದು ಮಾತ್ರ. ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು, ವಾಷಿಂಗ್ಟನ್ನಿನ ಶ್ವೇತಭವನ, ನಯಾಗರಾದ ಭೋರ್ಗರೆತ, ಫ್ಲಾರಿಡಾದ ಡಿಸ್ನಿ ಲೋಕ. ಇಷ್ಟನ್ನು ಕಂಡರೆ ಆ ವಿಶಾಲ ದೇಶವನ್ನೇ ಕಂಡಂತಾಯಿತೆಂಬ ಭಾವನೆ ಬಹು ಜನರಲ್ಲಿದೆ. ಮಗನ ಮನೆಗೋ ಮಗಳ ಮನೆಗೋ ಎಂದು ಕರ್ನಾಟಕದಿಂದ ಹೊರಡುವ ತಂದೆತಾಯಂದಿರ ಪಟ್ಟಿಯಲ್ಲಿಯೂ ಇವೇ ಊರುಗಳು ಮೊದಲು ಬರುತ್ತವೆ. ಆದರೆ ಈ ಹೆಸರಾಂತ ಸ್ಥಳಗಳ ನಡುವೆ ಮಧ್ಯಮ ಗಾತ್ರದ ನಗರಗಳು ಎಷ್ಟೋ ಇವೆ. ಅಲ್ಲಿ ಜನಜಂಗುಳಿ ಕಡಿಮೆ, ಖರ್ಚು ಹಗುರ, ನೋಡತಕ್ಕ ಸ್ಥಳಗಳು ಒಂದಕ್ಕೊಂದು ಸಮೀಪ. ಸಂಸಾರ ಸಮೇತ ಹೋಗುವವರಿಗೆ ಇಂಥ ಊರೇ ಹೆಚ್ಚು ಅನುಕೂಲವೆಂಬುದನ್ನು ಪೆನ್ಸಿಲ್ವೇನಿಯಾ ಸಂಸ್ಥಾನದ ಪಶ್ಚಿಮ ಅಂಚಿನಲ್ಲಿರುವ ಪಿಟ್ಸ್‌ಬರ್ಗ್ ನಗರವು ಚೆನ್ನಾಗಿ ತೋರಿಸಿಕೊಡುತ್ತದೆ.

ಸಂಸಾರದ ರಜೆಯೆಂದರೆ ಮೂರು ತಲೆಮಾರುಗಳ ಆಸೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುವ ಕೆಲಸ. ಮಕ್ಕಳಿಗೆ ಆಟ ಬೇಕು. ಅಜ್ಜನಿಗೆ ಚರಿತ್ರೆ ಬೇಕು. ಅಜ್ಜಿಯ ಮಂಡಿ ಮೆಟ್ಟಿಲುಗಳಿಗೆ ಒಪ್ಪದು. ದುಡಿಯುವ ದಂಪತಿಗಳಿಗೆ ಸಿಕ್ಕುವ ಬಿಡುವು ಒಂದು ವಾರ ಮಾತ್ರ. ಹಿರಿಯರು ಇನ್ನೊಮ್ಮೆ ಅಷ್ಟು ದೂರ ಬರಲಾದೀತೇ ಎಂಬ ಪ್ರಶ್ನೆಯೂ ಮನೆಮಂದಿಯ ಮನಸ್ಸಿನಲ್ಲಿ ಮೌನವಾಗಿ ಸುಳಿಯುತ್ತಿರುತ್ತದೆ. ಆದುದರಿಂದ ಈ ಒಂದು ವಾರವು ಓಡಾಟದಲ್ಲಿಯೇ ಕಳೆದುಹೋಗದಂತೆ ನೋಡಿಕೊಳ್ಳುವುದೇ ಯೋಜನೆಯ ಮೊದಲ ಗುರಿಯಾಗಬೇಕು.

ನದಿ, ಕಲ್ಲಿದ್ದಲು, ಉಕ್ಕು

ಉತ್ತರದಿಂದ ಆಲಿಗೇನಿ, ದಕ್ಷಿಣದಿಂದ ಮೊನೊಂಗಹೀಲ ಎಂಬ ಎರಡು ನದಿಗಳು ಹರಿದುಬಂದು ಈ ಊರಿನಲ್ಲಿ ಕೂಡುತ್ತವೆ. ಕೂಡಿದ ಮೇಲೆ ಅವುಗಳ ಹೆಸರು ಓಹಾಯೊ. ಈ ಸಂಗಮದ ಮೂಲೆಯು ಯಾರ ಕೈಯಲ್ಲಿದ್ದರೆ ಪಶ್ಚಿಮದ ದಾರಿ ಅವರದೆಂದು ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚರೂ ಆಂಗ್ಲರೂ ಇಲ್ಲಿ ಕಾದಾಡಿದರು. ಅವರಿಗಿಂತ ಮೊದಲು ಶಾನೀ, ಲೆನಾಪೆ, ಸೆನೆಕ ಮುಂತಾದ ಮೂಲನಿವಾಸಿಗಳು ಈ ನದಿಗಳ ದಡಗಳಲ್ಲಿ ಬಾಳುತ್ತಿದ್ದರು. 1758ರಲ್ಲಿ ಆಂಗ್ಲರು ಫ್ರೆಂಚರ ಕೋಟೆಯ ನೆಲೆಯನ್ನು ವಶಪಡಿಸಿಕೊಂಡು, ತಮ್ಮ ದೇಶದ ಮುತ್ಸದ್ದಿಯಾದ ವಿಲಿಯಂ ಪಿಟ್ಟನ ಹೆಸರನ್ನು ಊರಿಗೆ ಇಟ್ಟರು.

ಸುತ್ತಲಿನ ಗುಡ್ಡಗಳ ಒಡಲಲ್ಲಿ ಕಲ್ಲಿದ್ದಲು, ಸರಕು ಸಾಗಿಸಲು ನದಿಗಳು. ಇವೆರಡೂ ಒದಗಿದ ಮೇಲೆ ಕಬ್ಬಿಣದ ಕುಲುಮೆಗಳು ಏಳಲು ತಡವಾಗಲಿಲ್ಲ. ಸ್ಕಾಟ್ಲೆಂಡಿನ ಬಡ ನೇಕಾರನೊಬ್ಬನ ಮಗನಾದ ಆಂಡ್ರೂ ಕಾರ್ನೆಗಿ 1848ರಲ್ಲಿ ಇಲ್ಲಿಗೆ ಬಂದು, ಹತ್ತಿ ಗಿರಣಿಯಲ್ಲಿ ವಾರಕ್ಕೆ ಒಂದು ಡಾಲರು ಇಪ್ಪತ್ತು ಸೆಂಟುಗಳ ಕೂಲಿಗೆ ದುಡಿದು, ಕೊನೆಗೆ ಉಕ್ಕಿನ ಚಕ್ರವರ್ತಿಯಾದನು. ಊರು ಬೆಳೆಯಿತು, ಅದರೊಡನೆ ಹೊಗೆಯೂ ಬೆಳೆಯಿತು. 1940ರ ದಶಕದಲ್ಲಿ ಮಟಮಟ ಮಧ್ಯಾಹ್ನವೇ ಬೀದಿ ದೀಪಗಳನ್ನು ಹೊತ್ತಿಸಬೇಕಾದ ದಿನಗಳಿದ್ದವು. ಹೊಗೆಯನ್ನು ಹತೋಟಿಗೆ ತರುವ ಕಾನೂನು 1941ರಲ್ಲಿಯೇ ಆಯಿತಾದರೂ ಅದನ್ನು ಬಿಗಿಯಾಗಿ ಜಾರಿಗೆ ತರಲು ಮಹಾಯುದ್ಧ ಮುಗಿಯುವವರೆಗೆ ಕಾಯಬೇಕಾಯಿತು.

ಹೊಗೆ ಕಳೆಯಿತು. ಆದರೆ 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚತೊಡಗಿದವು. ಸಹಸ್ರಾರು ಮನೆಗಳ ಅನ್ನದ ದಾರಿ ಮುಚ್ಚಿತು. ಯುವಕರು ಊರು ತೊರೆದರು. 1950ರಲ್ಲಿ 6,76,806 ಇದ್ದ ನಗರದ ಜನಸಂಖ್ಯೆ 2020ರ ಗಣತಿಯಲ್ಲಿ 3,02,971ಕ್ಕೆ ಇಳಿದಿತ್ತು. ಇಷ್ಟು ಕಳೆದುಕೊಂಡ ಊರು ಹಾಳುಬೀಳಬೇಕಾಗಿತ್ತು. ಹಾಗಾಗಲಿಲ್ಲ. ವಿಶ್ವವಿದ್ಯಾನಿಲಯಗಳೂ ಆಸ್ಪತ್ರೆಗಳೂ ಯಂತ್ರಮಾನವರನ್ನು ರೂಪಿಸುವ ಪ್ರಯೋಗಶಾಲೆಗಳೂ ಅದನ್ನು ಎತ್ತಿಹಿಡಿದವು. ಉಕ್ಕಿನ ಕಂಪೆನಿಗೆಂದು 1970ರ ಸುಮಾರಿಗೆ ಕಟ್ಟಿದ ಅರುವತ್ತನಾಲ್ಕು ಅಂತಸ್ತುಗಳ ಗೋಪುರದ ನೆತ್ತಿಯ ಮೇಲೆ ಇಂದು ಬೆಳಗುತ್ತಿರುವುದು ಒಂದು ಆಸ್ಪತ್ರೆ ಸಂಸ್ಥೆಯ ಹೆಸರು. ಇದೊಂದನ್ನು ಕಂಡರೆ ಊರಿನ ಕಥೆಯ ಸಾರಾಂಶ ತಿಳಿದಂತೆ.

ಕಾಲ ಮತ್ತು ದಾರಿ

ಅಮೆರಿಕದ ಶಾಲೆಗಳಿಗೆ ಬೇಸಗೆಯ ರಜೆ ಸಾಮಾನ್ಯವಾಗಿ ಜೂನ್ ತಿಂಗಳಿನಿಂದ ಆಗಸ್ಟಿನವರೆಗೆ. ಆಗ ಪಿಟ್ಸ್‌ಬರ್ಗಿನಲ್ಲಿ ಹಗಲಿನ ಶಾಖ 28 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ನಮ್ಮವರಿಗೆ ಇದು ಹಿತವಾದ ಹವೆಯೇ; ಆದರೆ ಮಧ್ಯಾಹ್ನದ ಗುಡುಗುಮಳೆಗೆ ಕೊಡೆಯೊಂದು ಕೈಯಲ್ಲಿರಬೇಕು. ಜೂನ್ ಕೊನೆಯಲ್ಲಿ ರಾತ್ರಿ ಎಂಟೂಮುಕ್ಕಾಲರವರೆಗೂ ಸೂರ್ಯನು ಮುಳುಗುವುದಿಲ್ಲ. ಊಟದ ಅನಂತರ ಹಿರಿಯರು ಒಂದು ಗಂಟೆ ನಿದ್ರಿಸಿ ಎದ್ದರೂ ಇನ್ನೊಂದು ಸ್ಥಳವನ್ನು ನಿಧಾನವಾಗಿ ನೋಡುವಷ್ಟು ಬೆಳಕು ಉಳಿದಿರುತ್ತದೆ. ಜುಲೈ 4ರ ಸ್ವಾತಂತ್ರ್ಯ ದಿನದಂದು ನದಿಗಳ ಸಂಗಮದಲ್ಲಿ ಬಾಣಬಿರುಸುಗಳ ಉತ್ಸವ ನಡೆಯುತ್ತದೆ. ಅದನ್ನು ನೋಡಬೇಕೆನ್ನುವವರು ವಸತಿಯನ್ನು ಬಹಳ ಮುಂಚಿತವಾಗಿ ಗೊತ್ತುಮಾಡಿಕೊಳ್ಳತಕ್ಕದ್ದು.

ವಾಷಿಂಗ್ಟನ್ನಿನಿಂದಾಗಲಿ ನಯಾಗರಾದಿಂದಾಗಲಿ ಕಾರಿನಲ್ಲಿ ನಾಲ್ಕು, ನಾಲ್ಕೂವರೆ ಗಂಟೆಗಳ ದಾರಿ. ವಿಮಾನ ನಿಲ್ದಾಣವು ಊರಿನ ಪಶ್ಚಿಮಕ್ಕಿದೆ. ಅಲ್ಲಿಂದ ಬರುವ ಹೆದ್ದಾರಿಯು ಗುಡ್ಡವೊಂದರ ಹೊಟ್ಟೆಯನ್ನು ಕೊರೆದ ಸುರಂಗದೊಳಗೆ ಹೊಕ್ಕು ಹೊರಬೀಳುತ್ತಲೇ, ಪರದೆಯನ್ನು ಸರ್ರನೆ ಸರಿಸಿದಂತೆ ನದಿಗಳು, ಹಳದಿ ಸೇತುವೆಗಳು, ಗೋಪುರಗಳು ಒಟ್ಟಿಗೆ ಕಣ್ಣೆದುರು ನಿಲ್ಲುತ್ತವೆ. ಮಕ್ಕಳು ನಿದ್ರಿಸುತ್ತಿದ್ದರೆ ಸುರಂಗಕ್ಕೆ ಮೊದಲೇ ಎಬ್ಬಿಸಿಡುವುದು ಒಳ್ಳೆಯದು.

ವಸತಿಯನ್ನು ಊರಿನ ನಡುಭಾಗದಲ್ಲಿ ಅಥವಾ ಆಲಿಗೇನಿಯ ಉತ್ತರ ದಡದಲ್ಲಿ ಹಿಡಿದರೆ ಎರಡು ದಿನಗಳ ಮಟ್ಟಿಗೆ ಕಾರನ್ನು ಮರೆಯಬಹುದು. ಈ ಎರಡು ಭಾಗಗಳ ನಡುವೆ ನದಿಯ ಅಡಿಯಲ್ಲಿ ಸಂಚರಿಸುವ ರೈಲಿಗೆ ಟಿಕೆಟ್ಟೇ ಇಲ್ಲ. ಯಾರು ಬೇಕಾದರೂ ಹತ್ತಿ ಇಳಿಯಬಹುದು. ಅಡಿಗೆಮನೆಯುಳ್ಳ ಕೋಣೆ ದೊರೆತರಂತೂ ಬೆಳಗಿನ ಉಪ್ಪಿಟ್ಟಿಗೂ ರಾತ್ರಿಯ ಮೊಸರನ್ನಕ್ಕೂ ಚಿಂತೆಯಿಲ್ಲ.

ಮೊದಲ ದಿನ: ಸಂಗಮ ಮತ್ತು ಬೆಟ್ಟ

ಮೊದಲ ದಿನವನ್ನು ಸಂಗಮದಲ್ಲಿ ಕಳೆಯುವುದು ಉಚಿತ. ಊರಿನವರು 'ಪಾಯಿಂಟ್' ಎಂದು ಕರೆಯುವ ಈ ಮೂಲೆ ಈಗ ವಿಶಾಲವಾದ ಉದ್ಯಾನ. ಅದರ ತುದಿಯಲ್ಲಿ ನೀರನ್ನು ನೂರೈವತ್ತು ಅಡಿಗಳ ಎತ್ತರಕ್ಕೆ ಚಿಮ್ಮಿಸಬಲ್ಲ ಕಾರಂಜಿ. ಹತ್ತಿರದಲ್ಲಿಯೇ 1764ರಲ್ಲಿ ಕಟ್ಟಿದ ಪುಟ್ಟ ಇಟ್ಟಿಗೆಯ ಕಾವಲುಮನೆಯಿದೆ. ಹಳೆಯ ಕೋಟೆಯಲ್ಲಿ ಇಂದಿಗೂ ಇಡಿಯಾಗಿ ನಿಂತಿರುವುದು ಅದೊಂದೇ.

ಸಾಯಂಕಾಲ ನದಿಯಾಚೆಯ ಮೌಂಟ್ ವಾಷಿಂಗ್ಟನ್ ಬೆಟ್ಟವನ್ನು ಏರಬೇಕು. ಏರುವುದೆಂದರೆ ಹೆಜ್ಜೆಯಿಡುವುದಲ್ಲ. ಕಡಿದಾದ ಇಳಿಜಾರಿನ ಮೇಲೆ ಹಳಿ ಹಾಸಿ, ಉಕ್ಕಿನ ಹಗ್ಗದಿಂದ ಎಳೆಯುವ ಎರಡು ಗಾಡಿಗಳಿವೆ; ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಬಾವಿಯ ರಾಟೆಯ ಎರಡು ಕೊಡಗಳಂತೆ. ಒಂದರ ಭಾರವು ಇನ್ನೊಂದನ್ನು ಮೇಲೆತ್ತಲು ನೆರವಾಗುವುದರಿಂದ ಯಂತ್ರದ ಶ್ರಮ ಕಡಿಮೆ. ಗುಡ್ಡದ ಮೇಲೆ ಮನೆ, ಕೆಳಗೆ ಕಾರ್ಖಾನೆಯೆಂದು ಬದುಕುತ್ತಿದ್ದ ಕಾರ್ಮಿಕರಿಗಾಗಿ ಇಂಥ ದಾರಿಗಳು ಒಂದು ಕಾಲಕ್ಕೆ ಈ ಊರಿನಲ್ಲಿ ಒಂದು ಡಜನ್ನಿಗೂ ಮೀರಿ ಇದ್ದವು. ಈಗ ಉಳಿದಿರುವುವು 1870ರ ಮೊನೊಂಗಹೀಲ ದಾರಿ, 1877ರ ಡುಕೇನ್ ದಾರಿ ಎಂಬ ಎರಡೇ.

ಡುಕೇನ್ ದಾರಿ ಉಳಿದುಬಂದ ಕಥೆಯನ್ನು ಮಕ್ಕಳಿಗೆ ಹೇಳಬೇಕು. ದುರಸ್ತಿಗೆ ಹಣವಿಲ್ಲದೆ 1962ರಲ್ಲಿ ಅದು ನಿಂತುಹೋಯಿತು. ಬೆಟ್ಟದ ಮೇಲಿನ ನಿವಾಸಿಗಳು ಸುಮ್ಮನೆ ಕೂರಲಿಲ್ಲ. ತಾವೇ ಹಣ ಕೂಡಿಸಿ ಮರುವರ್ಷ ಅದನ್ನು ಮತ್ತೆ ಓಡಿಸಿದರು. ಮರದ ಕುಸುರಿಯುಳ್ಳ ಅದೇ ಹಳೆಯ ಗಾಡಿಗಳು ಇಂದಿಗೂ ಏರಿಳಿಯುತ್ತಿವೆ. ಮೇಲಿನ ಕಟ್ಟೆಯ ಬಳಿ ನಿಂತರೆ ಇಡೀ ಊರು ಅಂಗೈಯಲ್ಲಿಟ್ಟಂತೆ ತೋರುತ್ತದೆ. ದೀಪಗಳು ಹೊತ್ತಿಕೊಳ್ಳುವವರೆಗೆ ಅಲ್ಲಿಂದ ಕದಲದಿರುವುದು ಲೇಸು.

ಎರಡನೆಯ ದಿನ: ಅಸ್ಥಿಪಂಜರಗಳೂ ಇಟ್ಟಿಗೆಗಳೂ

ನಡುಭಾಗದಿಂದ ಸುಮಾರು ಮೂರು ಮೈಲಿ ದೂರದ ಓಕ್‌ಲೆಂಡ್ ಈ ಊರಿನ ವಿದ್ಯಾಕೇಂದ್ರ. ಕಾರ್ನೆಗಿಯು 1895ರಲ್ಲಿ ಸ್ಥಾಪಿಸಿದ ಸಂಸ್ಥೆಯ ಎರಡು ವಸ್ತುಸಂಗ್ರಹಾಲಯಗಳು ಇಲ್ಲಿ ಒಂದೇ ಸೂರಿನಡಿಯಲ್ಲಿವೆ. ಒಂದೇ ಟಿಕೆಟ್ಟಿನಲ್ಲಿ ಎರಡನ್ನೂ ನೋಡಬಹುದು. ಕಲಾಶಾಲೆ ದೊಡ್ಡವರಿಗೆ, ಪ್ರಕೃತಿ ವಿಜ್ಞಾನದ ವಿಭಾಗ ಮಕ್ಕಳಿಗೆ. 1899ರಲ್ಲಿ ವಯೋಮಿಂಗ್ ಸಂಸ್ಥಾನದಲ್ಲಿ ಅಗೆದು ತೆಗೆದ, ಕಾರ್ನೆಗಿಯ ಹೆಸರನ್ನೇ ಹೊತ್ತಿರುವ ಡಿಪ್ಲೊಡೋಕಸ್ ಎಂಬ ದೈತ್ಯೋರಗದ ಅಸ್ಥಿಪಂಜರ ಇಲ್ಲಿನ ಹೆಮ್ಮೆ. ಟಿರಾನೊಸಾರಸ್ ರೆಕ್ಸ್ ಎಂಬ ಭೀಕರ ಜಂತುವಿಗೆ ವಿಜ್ಞಾನಿಗಳು ಯಾವ ಎಲುಬುಗಳನ್ನು ಪರೀಕ್ಷಿಸಿ ಹೆಸರಿಟ್ಟರೋ ಆ ಮೂಲ ಎಲುಬುಗಳೂ ಇಲ್ಲಿಯೇ ಇವೆ. ವಾರದಲ್ಲೊಂದು ದಿನ ಸಂಗ್ರಹಾಲಯಕ್ಕೆ ಬಿಡುವು. ಅದು ಯಾವ ದಿನವೆಂಬುದನ್ನು ವಿಚಾರಿಸಿಕೊಂಡೇ ಹೊರಡತಕ್ಕದ್ದು.

ರಸ್ತೆ ದಾಟಿದರೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ 42 ಅಂತಸ್ತುಗಳ, 535 ಅಡಿ ಎತ್ತರದ 'ವಿದ್ಯಾಮಂದಿರ'. 1926ರಲ್ಲಿ ಆರಂಭವಾದ ಈ ಕಟ್ಟಡಕ್ಕೆ ಊರಿನ ತೊಂಬತ್ತು ಸಾವಿರಕ್ಕೂ ಮಿಕ್ಕ ಶಾಲಾಮಕ್ಕಳು ತಲಾ ಹತ್ತು ಸೆಂಟು ಕೊಟ್ಟು ಒಂದೊಂದು ಇಟ್ಟಿಗೆಯನ್ನು ಕೊಂಡರು. ಉಕ್ಕಿನ ಕುಲುಮೆಗಳಲ್ಲಿ ದುಡಿಯಲು ಹಲವು ದೇಶಗಳಿಂದ ಬಂದು ನೆಲೆಸಿದ ಜನರು ತಮ್ಮ ತಮ್ಮ ನಾಡಿನ ಶೈಲಿಯಲ್ಲಿ ಅಲಂಕರಿಸಿದ ತರಗತಿ ಕೋಣೆಗಳು ಇದರೊಳಗಿವೆ. 2000ದಲ್ಲಿ ಸೇರ್ಪಡೆಯಾದ ಭಾರತದ ಕೋಣೆಯನ್ನು ನಾಲಂದಾ ವಿಹಾರದ ಅಂಗಳದ ಮಾದರಿಯಲ್ಲಿ ಇಟ್ಟಿಗೆಯ ಕಂಬಗಳನ್ನಿಟ್ಟು ರಚಿಸಿದ್ದಾರೆ. ಇದೇ ವಿಶ್ವವಿದ್ಯಾನಿಲಯದಲ್ಲಿಯೇ ಜೋನಾಸ್ ಸಾಲ್ಕ್ ಎಂಬ ವೈದ್ಯವಿಜ್ಞಾನಿಯು ಪೋಲಿಯೊ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿದನು. ಅದು ಸುರಕ್ಷಿತವೂ ಪರಿಣಾಮಕಾರಿಯೂ ಆಗಿದೆಯೆಂಬ ವಾರ್ತೆ 1955ರ ಏಪ್ರಿಲ್ 12ರಂದು ಹೊರಬಿದ್ದಿತು. ತಮ್ಮ ಓರಗೆಯವರಲ್ಲಿ ಕಾಲು ಸೊರಗಿದ ಮಕ್ಕಳನ್ನು ಕಂಡು ಬೆಳೆದ ಅಜ್ಜ ಅಜ್ಜಿಯರಿಗೆ ಈ ಮಾತಿನ ತೂಕ ತಾನಾಗಿಯೇ ತಿಳಿಯುತ್ತದೆ.

ಕಾಲಿನಲ್ಲಿ ಶಕ್ತಿ ಉಳಿದಿದ್ದರೆ 1893ರಲ್ಲಿ ತೆರೆದ ಫಿಪ್ಸ್ ಗಾಜಿನ ಹೂಮನೆಯೂ ಸಮೀಪದಲ್ಲಿಯೇ ಇದೆ. ಇಲ್ಲವಾದರೆ ಎದುರಿನ ಹುಲ್ಲುಹಾಸಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದಕ್ಕೂ ಅಡ್ಡಿಯಿಲ್ಲ.

ಮೂರನೆಯ ದಿನ: ಸೇತುವೆಗಳು ಮತ್ತು ಹಕ್ಕಿಗಳು

ನಾನೂರಕ್ಕೂ ಹೆಚ್ಚು ಸೇತುವೆಗಳುಳ್ಳ ಈ ನಗರದಲ್ಲಿ ಆಲಿಗೇನಿ ನದಿಯ ಮೇಲೆ ಸಾಲಾಗಿ ನಿಂತ ಮೂರು ಹಳದಿ ತೂಗುಸೇತುವೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಅವಕ್ಕೆ 'ಮೂವರು ಸೋದರಿಯರು' ಎಂದು ಹೆಸರು. ಭೂಕಂಪಪೀಡಿತ ನಿಕರಾಗುವಾಕ್ಕೆ ನೆರವು ಸಾಮಗ್ರಿ ಒಯ್ಯುವಾಗ 1972ರ ಕೊನೆಯ ದಿನ ವಿಮಾನಾಪಘಾತದಲ್ಲಿ ಮಡಿದ ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆ, ಚಿತ್ರಕಾರ ಆಂಡಿ ವಾರ್ಹೋಲ್, ಕೀಟನಾಶಕಗಳ ಹಾವಳಿಯ ವಿರುದ್ಧ 1962ರಲ್ಲಿ ಗ್ರಂಥ ಬರೆದು ಲೋಕವನ್ನು ಎಚ್ಚರಿಸಿದ ರೇಚೆಲ್ ಕಾರ್ಸನ್. ಈ ಮೂವರ ಹೆಸರುಗಳನ್ನು ಅವುಗಳಿಗೆ ಇಟ್ಟಿದ್ದಾರೆ. ಸೇತುವೆಯೊಂದನ್ನು ನಡೆದೇ ದಾಟುವುದು ಸೊಗಸು.

ಉತ್ತರ ದಡದಲ್ಲಿ ಮಕ್ಕಳ ವಸ್ತುಸಂಗ್ರಹಾಲಯವೂ, ದೇಶವಿದೇಶಗಳ ಪಕ್ಷಿಗಳನ್ನು ಸಾಕಿರುವ ರಾಷ್ಟ್ರೀಯ ಪಕ್ಷಿಧಾಮವೂ ಇವೆ. ಎರಡೂ ಹತ್ತಿರ ಹತ್ತಿರ. ಈ ದಿನವನ್ನು ಪೂರ್ತಿಯಾಗಿ ಕಿರಿಯರ ಇಚ್ಛೆಗೆ ಬಿಟ್ಟುಕೊಡುವುದೇ ಯುಕ್ತ.

ನಾಲ್ಕನೆಯ ದಿನ: ಆರಿದ ಕುಲುಮೆ

ಪಿಟ್ಸ್‌ಬರ್ಗಿಗೆ ಹೋಗಿ ಕುಲುಮೆ ಕಾಣದೆ ಬಂದರೆ ಹಂಪೆಗೆ ಹೋಗಿ ತುಂಗಭದ್ರೆಯನ್ನು ನೋಡದೆ ಬಂದಂತೆ. ಮೊನೊಂಗಹೀಲ ನದಿಯ ದಡದಲ್ಲಿ 'ಕ್ಯಾರಿ' ಹೆಸರಿನ ಊದುಕುಲುಮೆಗಳು ಎರಡು ಉಳಿದಿವೆ. 1907ರಲ್ಲಿ ಕಟ್ಟಿದ ಇವು ಒಂಬತ್ತು ಆಳೆತ್ತರವನ್ನೂ ಮೀರಿ ತುಕ್ಕು ಬಣ್ಣದಲ್ಲಿ ನಿಂತಿವೆ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ವಾರಾಂತ್ಯಗಳಲ್ಲಿ ಮಾರ್ಗದರ್ಶಿಗಳು ಜನರನ್ನು ಒಳಗೆ ಕರೆದೊಯ್ದು ತೋರಿಸುತ್ತಾರೆ. ಅದುರು, ಕೋಕು, ಸುಣ್ಣಕಲ್ಲುಗಳನ್ನು ಮೇಲಿನಿಂದ ಸುರಿದು ಕೆಳಗಿನಿಂದ ಕಾದ ಗಾಳಿಯನ್ನು ಊದಿದಾಗ ಕಬ್ಬಿಣ ಹೇಗೆ ಕರಗಿ ಇಳಿಯುತ್ತಿತ್ತೆಂಬುದನ್ನು ಕುಲುಮೆಯ ಬುಡದಲ್ಲಿಯೇ ನಿಂತು ಕೇಳಬಹುದು. ನೆಲ ಒರಟು, ಮೆಟ್ಟಿಲುಗಳೂ ಉಂಟು. ಮಂಡಿನೋವಿನವರು ಮೊದಲೇ ವಿಚಾರಿಸಬೇಕು, ಎಲ್ಲರೂ ಮುಚ್ಚಿದ ಪಾದರಕ್ಷೆ ತೊಡಬೇಕು.

ಇಲ್ಲಿ ಕರಗಿದ ಕಬ್ಬಿಣವು ನದಿ ದಾಟಿ ಹೋಮ್‌ಸ್ಟೆಡ್ಡಿನ ಕಾರ್ಖಾನೆಗೆ ಹೋಗಿ ಉಕ್ಕಾಗುತ್ತಿತ್ತು. ಕೂಲಿಯ ಕಡಿತವನ್ನು ಪ್ರತಿಭಟಿಸಿ 1892ರಲ್ಲಿ ಮುಷ್ಕರ ಹೂಡಿದ ಕಾರ್ಮಿಕರಿಗೂ ಕಂಪೆನಿಯು ಕರೆಸಿದ ಬಾಡಿಗೆಯ ಕಾವಲುಗಾರರಿಗೂ ಅಲ್ಲಿ ಗುಂಡಿನ ಕಾಳಗ ನಡೆದು ಎರಡು ಕಡೆಗಳಲ್ಲಿಯೂ ಸಾವುಗಳಾದವು. ಊರಿಗೆ ಗ್ರಂಥಾಲಯಗಳನ್ನೂ ಸಂಗ್ರಹಾಲಯಗಳನ್ನೂ ಕೊಟ್ಟ ಕಾರ್ನೆಗಿಯದೇ ಆ ಕಾರ್ಖಾನೆ. ದಾನಿಯ ಎರಡನೆಯ ಮುಖವನ್ನೂ ಬೆಳೆದ ಮಕ್ಕಳು ತಿಳಿಯಲಿ. 1986ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಅಲ್ಲಿರುವುದು ಅಂಗಡಿಬೀದಿ. ಹನ್ನೆರಡು ಹೊಗೆಗೊಳವೆಗಳನ್ನು ಮಾತ್ರ ನೆನಪಿಗೆಂದು ಸಾಲಾಗಿ ಉಳಿಸಿಕೊಂಡಿದ್ದಾರೆ.

ಕನ್ನಡಿಗರು ಇಲ್ಲಿ ನೆನೆಯಬೇಕಾದ ಇನ್ನೊಂದು ಸಂಗತಿಯುಂಟು. ಜಮ್‌ಸೆಟ್‌ಜಿ ಟಾಟಾ ಅವರು 1902ರಲ್ಲಿ ಇದೇ ಊರಿಗೆ ಬಂದು ಜೂಲಿಯನ್ ಕೆನೆಡಿ ಎಂಬ ಉಕ್ಕಿನ ತಜ್ಞನನ್ನು ಕಂಡರು. ಆತನು ಅವರಿಗೆ ನ್ಯೂಯಾರ್ಕಿನ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್ನನನ್ನು ತೋರಿಸಿಕೊಟ್ಟನು. ಜಮ್‌ಷೆಡ್‌ಪುರದ ಕಾರ್ಖಾನೆಗೆ ಸಲಹೆಗಾರನಾದ ಪೆರಿನ್ನನ ಸಂಸ್ಥೆಯೇ ಮುಂದೆ ಮೈಸೂರು ಸಂಸ್ಥಾನಕ್ಕೂ ಸಲಹೆ ನೀಡಿತು. 1923ರಲ್ಲಿ ಭದ್ರಾವತಿಯ ಕುಲುಮೆಯಿಂದ ಕಬ್ಬಿಣ ಹರಿಯಿತು. ಶಿವಮೊಗ್ಗದ ಕಡೆಯ ಅಜ್ಜನೊಬ್ಬ ಮೊಮ್ಮಗಳ ಕೈ ಹಿಡಿದು ಕ್ಯಾರಿ ಕುಲುಮೆಯ ಮುಂದೆ ನಿಂತರೆ ಅವರಿಬ್ಬರ ನಡುವೆ ಮಾತಿಗೆ ಬರವಿರಲಾರದು. ಕಾರ್ಖಾನೆಯ ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಊರುಗಳ ಹೆಮ್ಮೆಯೂ, ಆ ಸೈರನ್ನು ನಿಂತಾಗಿನ ಮೌನವೂ ಎರಡು ದೇಶಗಳಲ್ಲಿಯೂ ಒಂದೇ.

ಮಧ್ಯಾಹ್ನದ ಮೇಲೆ ಮಕ್ಕಳಿಗೆ ಕೆನ್ನಿವುಡ್ ವಿಹಾರೋದ್ಯಾನ. ಟ್ರಾಮ್ ಕಂಪೆನಿಯೊಂದು ತನ್ನ ಮಾರ್ಗದ ಕೊನೆಗೆ ಜನರನ್ನು ಸೆಳೆಯಲೆಂದು 1898ರಲ್ಲಿ ಆರಂಭಿಸಿದ ಈ ಉದ್ಯಾನದಲ್ಲಿ 1920ರ ದಶಕದ ಮರದ ಉರುಳುಬಂಡಿಗಳು ಇಂದಿಗೂ ಎದೆ ಝಲ್ಲೆನಿಸುತ್ತಿವೆ. ಅದರ ಅಂಚಿನಿಂದ ನೋಡಿದರೆ ನದಿಯಾಚೆ 1875ರಲ್ಲಿ ಉತ್ಪಾದನೆಗೆ ತೊಡಗಿದ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ ಕಾಣುತ್ತದೆ. ಅದು ಇನ್ನೂ ಉರಿಯುತ್ತಿದೆ. ಈ ಕಣಿವೆಯಲ್ಲಿ ಗಾಳಿ ಕೆಡುವ ದಿನಗಳು ಇಂದಿಗೂ ಇದ್ದೇ ಇವೆ. ಆಗ ಎಚ್ಚರಿಕೆಯ ಪ್ರಕಟಣೆ ಹೊರಡುತ್ತದೆ. ಉಬ್ಬಸದವರು ಅದನ್ನು ಗಮನಿಸಿ ಹೊರಡುವುದು ಕ್ಷೇಮ.

ಐದನೆಯ ದಿನ: ಗುಡಿಯೋ ಜಲಪಾತವೋ

ಕೊನೆಯ ದಿನಕ್ಕೆ ಎರಡು ದಾರಿಗಳಿವೆ. ನಗರದ ಪೂರ್ವಕ್ಕೆ ಪೆನ್ ಹಿಲ್ಸ್ ಎಂಬಲ್ಲಿ ಗುಡ್ಡದ ಇಳಿಜಾರಿನ ಮೇಲೆ ಶ್ರೀ ವೆಂಕಟೇಶ್ವರನ ಬಿಳಿಯ ದೇವಾಲಯವಿದೆ. 1970ರ ದಶಕದಲ್ಲಿ ತಿರುಪತಿಯ ಮಾದರಿಯಲ್ಲಿ ಕಟ್ಟಿದ ಇದು ಅಮೆರಿಕದಲ್ಲಿ ಸಂಪ್ರದಾಯಬದ್ಧವಾಗಿ ಎದ್ದ ಮೊದಮೊದಲ ಹಿಂದೂ ದೇವಾಲಯಗಳಲ್ಲೊಂದು. ದೂರದೂರದ ಸಂಸ್ಥಾನಗಳಿಂದ ಇಲ್ಲಿಗೆ ಭಕ್ತರು ಬರುತ್ತಾರೆ. ದರ್ಶನದ ಅನಂತರ ಪುಳಿಯೋಗರೆಯ ರುಚಿ ನೋಡಿದ ಅಜ್ಜಿಯ ಮುಖದಲ್ಲಿ ನಾಲ್ಕು ದಿನಗಳ ಆಯಾಸ ಇಳಿಯುವುದನ್ನು ಕಾಣಬಹುದು.

ಇನ್ನೊಂದು ದಾರಿ, ಆಗ್ನೇಯಕ್ಕೆ ಸುಮಾರು ಎಪ್ಪತ್ತು ಮೈಲಿ ದೂರದ 'ಫಾಲಿಂಗ್‌ವಾಟರ್'. ಪಿಟ್ಸ್‌ಬರ್ಗಿನ ವರ್ತಕ ಕೌಫ್‌ಮನ್ನನಿಗಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ರೂಪಿಸಿದ ಈ ಮನೆ ಜಲಪಾತದ ಎದುರಿಗಲ್ಲ, ಜಲಪಾತದ ಮೇಲೆಯೇ ನಿಂತಿದೆ. 2019ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಟಿಕೆಟ್ಟನ್ನು ವಾರಗಳಿಗೆ ಮುಂಚೆಯೇ ಕಾದಿರಿಸಬೇಕು. ತೀರ ಎಳೆಯ ಮಕ್ಕಳನ್ನು ಮನೆಯೊಳಗೆ ಬಿಡುವುದಿಲ್ಲ. ಒಂದೇ ದಿನದಲ್ಲಿ ಗುಡಿಯನ್ನೂ ಈ ಮನೆಯನ್ನೂ ಮುಗಿಸುವ ಹಟ ಬೇಡ. ಎರಡರಲ್ಲಿಯೂ ಗಡಿಬಿಡಿಯೇ ಉಳಿದೀತು.

ಊಟ, ಮಾತು, ಕೈಚೀಲ

ಉಕ್ಕಿನ ಕೆಲಸಕ್ಕೆಂದು ಬಂದ ಪೂರ್ವ ಯೂರೋಪಿನ ಜನರು ಇಲ್ಲಿ ಬಿಟ್ಟುಹೋದ ತಿನಿಸು ಪಿರೋಗಿ. ಹಿಟ್ಟಿನ ಹಾಳೆಯೊಳಗೆ ಆಲೂಗಡ್ಡೆ, ಗಿಣ್ಣುಗಳ ಹೂರಣವಿಟ್ಟು ಬೇಯಿಸಿ ಬೆಣ್ಣೆಯಲ್ಲಿ ಹೊರಳಿಸುವ ಇದು ನಮ್ಮ ಕಡುಬಿನ ದೂರದ ನೆಂಟನೆನ್ನಬಹುದು. ಹಿಟ್ಟಿಗೆ ಮೊಟ್ಟೆ ಸೇರಿಸುವ ವಾಡಿಕೆಯುಂಟು. ಶುದ್ಧ ಸಸ್ಯಾಹಾರಿಗಳು ಕೇಳಿಯೇ ತಿನ್ನತಕ್ಕದ್ದು. ಇಂಗ್ಲಿಷಿನಲ್ಲಿ 'ನೀನು' 'ನೀವು'ಗಳಿಗೆ ಒಂದೇ ಪದವಲ್ಲವೆ? ಪಿಟ್ಸ್‌ಬರ್ಗಿನ ಹಳಬರು ಆ ಕೊರತೆಯನ್ನು ತಾವೇ ತುಂಬಿಕೊಂಡು, ಹಲವರನ್ನು ಒಟ್ಟಿಗೆ ಕರೆಯುವಾಗ 'ಯಿನ್ಸ್' ಎನ್ನುತ್ತಾರೆ. ಅದು ಕಿವಿಗೆ ಬಿದ್ದರೆ 'ನೀವೆಲ್ಲ' ಎಂದು ತಿಳಿದುಕೊಂಡರಾಯಿತು.

ಬಂಧುಗಳಿಗೆಂದು ಬಟ್ಟೆಬರೆ ಕೊಳ್ಳುವವರಿಗೆ ಒಂದು ಸಂತೋಷದ ಸಂಗತಿ: ಪೆನ್ಸಿಲ್ವೇನಿಯಾದಲ್ಲಿ ಸಾಮಾನ್ಯ ಉಡುಪುಗಳ ಮೇಲೆ ಮಾರಾಟ ತೆರಿಗೆಯಿಲ್ಲ. ಹಿರಿಯರಿಗಾಗಿ ಪ್ರವಾಸದ ಆರೋಗ್ಯ ವಿಮೆಯನ್ನು ಮಾತ್ರ ಊರಿನಿಂದ ಹೊರಡುವ ಮುನ್ನವೇ ಮಾಡಿಸಿರಬೇಕು. ಅಮೆರಿಕದ ಆಸ್ಪತ್ರೆಗಳ ವೆಚ್ಚವು ಇಡೀ ರಜೆಯ ವೆಚ್ಚವನ್ನು ನುಂಗಬಲ್ಲದು.

ಐದು ದಿನಗಳ ಈ ಪಟ್ಟಿಯಲ್ಲಿ ಎಷ್ಟೋ ಸ್ಥಳಗಳು ಬಿಟ್ಟುಹೋಗಿವೆ, ಬಿಡಲೇಬೇಕು. ಪ್ರತಿ ದಿನಕ್ಕೆ ಒಂದು ಮುಖ್ಯ ಸ್ಥಳ, ಒಂದು ವಿಶ್ರಾಂತಿ, ಒಂದು ಸಂಜೆ ಎಂದಿಟ್ಟುಕೊಂಡರೆ ಹಿರಿಯರು ಬಳಲುವುದಿಲ್ಲ, ಕಿರಿಯರು ಬೇಸರಿಸುವುದಿಲ್ಲ. ಪಿಟ್ಸ್‌ಬರ್ಗಿನ ಜನ ತಮ್ಮ ಊರಿನದೆಲ್ಲವನ್ನೂ ಉಳಿಸಿಕೊಳ್ಳಲಾಗಲಿಲ್ಲ. ಎರಡು ಬೆಟ್ಟದ ಗಾಡಿಗಳು, ಎರಡು ಕುಲುಮೆಗಳು, ಹನ್ನೆರಡು ಹೊಗೆಗೊಳವೆಗಳು. ಆರಿಸಿ ಉಳಿಸಿಕೊಂಡ ಈ ಕೆಲವಕ್ಕೇ ಲೋಕದ ಜನ ಬಂದು ನಿಂತು ನೋಡುತ್ತಾರೆ. ಸಂಸಾರದ ರಜೆಯೂ ಹಾಗೆಯೇ ಕೆಲವನ್ನೇ ಆರಿಸಿಕೊಳ್ಳಲಿ.